ಚರ್ಚಿಗೆ ಮರವೇ ಬಟ್ಟೆ

ನಿದ್ದೆ ಬಾರದ ರಾತ್ರಿ ಉಪಗ್ರಹ ಚಿತ್ರ ನೋಡುತ್ತ ಕೂರುವುದು ನನಗಂಟಿದ ಚಟ. ಮೊಬೈಲಿನಲ್ಲಿ ಗೂಗಲ್ ಅರ್ತ್ ತೆರೆದು ಬೆರಳು ಕರೆದುಕೊಂಡು ಹೋದ ಕಡೆ ಹೋಗುವುದು. ಹಾಗೆ ಒಂದು ರಾತ್ರಿ ಉತ್ತರ ಇಥಿಯೋಪಿಯಾದಲ್ಲಿ ಇಳಿದೆ. ತಾನಾ ಸರೋವರದಿಂದ ಪೂರ್ವಕ್ಕೆ ಸರಿಸುತ್ತ ಹೋದರೆ ಕಂದು, ಕಂದು, ಬರೀ ಕಂದು. ಉತ್ತ ಹೊಲ, ಅದರ ಪಕ್ಕ ಇನ್ನೊಂದು ಹೊಲ, ನಡುವೆ ಮಳೆ ಕೊರೆದ ಕೊರಕಲು. ಆ ಕಂದು ಕಂಬಳಿಯ ಮೇಲೆ ಅಲ್ಲಲ್ಲಿ ದುಂಡಗಿನ ಹಸಿರು ತೇಪೆಗಳು. ಒಂದನ್ನು ಹಿಗ್ಗಿಸಿದೆ. ಒತ್ತಾಗಿ ಬೆಳೆದ ಮರದ ತಲೆಗಳ ನಡುವೆ ದುಂಡನೆಯ ಸೂರೊಂದು ಮಿಂಚಿತು. ಇನ್ನೊಂದನ್ನು ಹಿಗ್ಗಿಸಿದೆ, ಅಲ್ಲೂ ಅದೇ. ಐದಾರು ತೇಪೆ ನೋಡುವಷ್ಟರಲ್ಲಿ ಗುಟ್ಟು ತಿಳಿಯಿತು: ಪ್ರತಿ ಹಸಿರಿನ ಹೊಟ್ಟೆಯಲ್ಲೂ ಒಂದು ಚರ್ಚು.

ಇವು ಇಥಿಯೋಪಿಯಾದ ಆರ್ಥಡಾಕ್ಸ್ ತೆವಾಹಿದೋ ಎಂಬ ಕ್ರೈಸ್ತ ಸಭೆಯ (ಪಂಗಡದ) ಚರ್ಚುಗಳು. ಅಲ್ಲಿಗೆ ಕ್ರೈಸ್ತಧರ್ಮ ಬಂದದ್ದು ನಾಲ್ಕನೆಯ ಶತಮಾನದಲ್ಲಿ. ಆಮೇಲಿನ ಕಾಲದಲ್ಲಿ ಸುತ್ತಲಿನ ಕಾಡು ಹೊಲಕ್ಕೆ, ಸೌದೆಗೆ, ಮೇವಿಗೆ ಕರಗುತ್ತ ಹೋಯಿತು. ಚರ್ಚಿನ ಸುತ್ತ ಇದ್ದದ್ದು ಮಾತ್ರ ಉಳಿಯಿತು. ದಕ್ಷಿಣ ಗೊಂಡರ್ ಸೀಮೆಯೊಂದರಲ್ಲೇ ಇಂಥ ಸಾವಿರಕ್ಕೂ ಮಿಕ್ಕಿ ತುಣುಕುಗಳಿವೆ. ಹೆಚ್ಚಿನವು ಕೆಲವೇ ಹೆಕ್ಟೇರಿನವು, ಒಂದು ಸುತ್ತು ಹಾಕಿ ಬರಲು ಅರ್ಧ ಗಂಟೆಯೂ ಬೇಡ. ಆದರೆ ಆ ಸೀಮೆಯ ಹಳೆಯ ಜೂನಿಪರ್, ಕಾಡು ಆಲಿವ್, ಆಫ್ರಿಕನ್ ಚೆರ್ರಿ ಮರಗಳ ಬೀಜ ಬೇಕೆಂದರೆ ಇಲ್ಲಿಗೇ ಬರಬೇಕು.

ಚರ್ಚಿನ ಒಳಗುಡಿಯಲ್ಲಿ ತಾಬೋತ್ ಇರುತ್ತದೆ, ದೇವರು ಮೋಶೆಗೆ ಕೊಟ್ಟ ಆಜ್ಞೆಯ ಹಲಗೆಗಳ ಪ್ರತಿರೂಪ. ಅಲ್ಲಿಗೆ ಪಾದ್ರಿಗಳಿಗಷ್ಟೇ ಪ್ರವೇಶ. ಅದರ ಸುತ್ತಿನ ಬಳಸು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವವರಿಗೆ, ಅದರಾಚೆಯದು ಹಾಡುವವರಿಗೆ ಮತ್ತು ಉಳಿದವರಿಗೆ. ಕಟ್ಟಡ ಮುಗಿದಲ್ಲಿಗೆ ಪಾವಿತ್ರ್ಯ ಮುಗಿಯುವುದಿಲ್ಲ, ಕಾಡಿನ ಅಂಚಿನವರೆಗೂ ಹರಡುತ್ತದೆ. ಮರಗಳ ನಡುವೆ ಸಂನ್ಯಾಸಿಗಳು ಬದುಕುತ್ತಾರೆ, ಊರವರ ಸಮಾಧಿಗಳಿರುತ್ತವೆ. ಮರವಿಲ್ಲದ ಚರ್ಚು ಬಟ್ಟೆಯಿಲ್ಲದ ಮನುಷ್ಯನ ಹಾಗೆ ಎಂಬುದು ಅಲ್ಲಿನವರ ಮಾತು. ಅದನ್ನು ಓದಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಈ ಕಾಡುಗಳನ್ನು ಉಳಿಸಿದವರ ಮನಸ್ಸಿನಲ್ಲಿ ಪರಿಸರ ಸಂರಕ್ಷಣೆ ಎಂಬ ಯೋಚನೆಯೇ ಇರಲಿಲ್ಲ, ಇದನ್ನು ಮರೆಯಬಾರದು. ಜೀವವೈವಿಧ್ಯ ಎಂಬ ಪದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಅವರು ಮರಕ್ಕೆ ಕೊಡಲಿ ಹಾಕದೆ ಇದ್ದರು. ದೇವರಿಗೆ ನೆರಳಿರಲಿ, ಸತ್ತವರಿಗೆ ತಂಪಿರಲಿ ಅಂದುಕೊಂಡರು, ಅಷ್ಟೆ. ಹಕ್ಕಿ, ಜೇನು, ಒರತೆ ಅದರ ಹಿಂದೆಯೇ ಉಳಿದುಕೊಂಡವು. ಸುತ್ತಲಿನ ಹೊಲಗಳ ಹೂವಿಗೆ ಪರಾಗ ಸಾಗಿಸುವ ಕೀಟಗಳು ಇಂದಿಗೂ ಆ ಮರಗಳಿಂದಲೇ ಹಾರಿ ಬರುತ್ತವೆ.

ಹಾಗಂತ ಭಕ್ತಿಯೊಂದೇ ಸಾಲಲಿಲ್ಲ. ಅಲೆಮಾಯೆಹು ವಾಸಿ ಎಂಬ ಇಥಿಯೋಪಿಯಾದ ಅರಣ್ಯ ವಿಜ್ಞಾನಿ ಈ ಕಾಡುಗಳೊಳಗೆ ಕೂತು ಸಸಿಗಳನ್ನು ಎಣಿಸಿದವರು. ದೊಡ್ಡ ಮರಗಳೇನೋ ನೆಟ್ಟಗೆ ನಿಂತಿದ್ದವು, ಆದರೆ ಅವುಗಳ ಕೆಳಗೆ ಮರಿಗಳಿರಲಿಲ್ಲ. ದನ ನುಗ್ಗಿ ಮೊಳಕೆ ಮೇಯುತ್ತಿದ್ದವು, ಉಳಿದದ್ದನ್ನು ತುಳಿಯುತ್ತಿದ್ದವು. ಮುದುಕರೇ ತುಂಬಿದ ಮನೆಯ ಹಾಗೆ. ಹೊರಗಿನಿಂದ ನೋಡಿದರೆ ಮನೆ ತುಂಬಿದೆ, ಇನ್ನೊಂದು ತಲೆಮಾರಿಗೆ ದೀಪ ಹಚ್ಚುವವರಿಲ್ಲ. ಅಮೆರಿಕದ ಮೆಗ್ ಲೋಮನ್, ಮರದ ತುದಿಯ ಲೋಕವನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ವಿಜ್ಞಾನಿ, ಅಲೆಮಾಯೆಹು ಜೊತೆ ಸೇರಿದರು. ಇಬ್ಬರೂ ಪಾದ್ರಿಗಳನ್ನು ಕೂಡಿಸಿ ಗೋಡೆಯ ಮೇಲೆ ಉಪಗ್ರಹ ಚಿತ್ರ ಬಿಟ್ಟು ತೋರಿಸಿದರು. ನಾನು ನಿದ್ದೆಗೆಟ್ಟು ನೋಡಿದಂಥದೇ ಚಿತ್ರ. ತಮ್ಮ ಕಾಡು ಮೇಲಿನಿಂದ ಎಷ್ಟು ಸಣ್ಣದು ಎಂಬುದನ್ನು ಆ ಪಾದ್ರಿಗಳು ಮೊದಲ ಸಲ ಕಂಡದ್ದು ಆವಾಗ.

ಉಪಾಯ ತೀರಾ ಸರಳವಾಗಿತ್ತು: ಕಾಡಿನ ಸುತ್ತ ಕಲ್ಲಿನ ಗೋಡೆ. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು, ದನ ದಾಟಲಾರದಷ್ಟು ಎತ್ತರ. ಕಲ್ಲು ಬಂದದ್ದು ಪಕ್ಕದ ಹೊಲಗಳಿಂದಲೇ. ರೈತನಿಗೆ ನೇಗಿಲಿಗೆ ಸಿಕ್ಕುವ ಕಲ್ಲು ಹೋಯಿತು, ಚರ್ಚಿಗೆ ಗೋಡೆ ಬಂತು. ಕಟ್ಟಿದವರು ಊರಿನವರೇ. ದನ ನಿಂತ ಮೇಲೆ ಮೊಳಕೆಗಳು ತಲೆ ಎತ್ತಿದವು. ಅಲ್ಲಲ್ಲಿ ಗೋಡೆಯನ್ನು ಕಾಡಿನ ಅಂಚಿಗಿಂತ ಒಂದಿಷ್ಟು ಆಚೆಗೆ ಕಟ್ಟಿ, ಕಾಡಿಗೆ ಹಬ್ಬಿಕೊಳ್ಳಲು ಜಾಗ ಬಿಟ್ಟಿದ್ದಾರೆ. ಪರಿಸರದ ಬಗ್ಗೆ ನಾನು ಓದಿದ ಯೋಜನೆಗಳಲ್ಲಿ ಇಷ್ಟು ಕಡಿಮೆ ಮಾತಿನದು ಬೇರೆ ಸಿಕ್ಕಿಲ್ಲ.

ಈಗ ನಾಚಿಕೆಯ ವಿಷಯ. ನಾನು ಹೋಗುವ ಚರ್ಚಿನ ಅಂಗಳದಲ್ಲಿ ಒಂದು ದೊಡ್ಡ ಮರವಿತ್ತು. ಆರಾಧನೆ ಮುಗಿದ ಮೇಲೆ ಎಲ್ಲರೂ ನಿಂತು ಮಾತಾಡುತ್ತಿದ್ದದ್ದು ಅದರ ಕೆಳಗೆ. ಒಮ್ಮೆ ಕಮಿಟಿ ಮೀಟಿಂಗಿನಲ್ಲಿ ಅದರ ಮಾತು ಬಂತು. ಎಲೆ ಉದುರಿ ಸೂರಿನ ನೀರು ಹೋಗುವ ದಾರಿ ಕಟ್ಟಿಕೊಳ್ಳುತ್ತದೆ. ಹಕ್ಕಿಗಳು ಕಾರುಗಳ ಮೇಲೆ ಹಿಕ್ಕೆ ಹಾಕುತ್ತವೆ. ಬೇರು ಕಾಂಪೌಂಡಿನ ಕಡೆ ಹೊರಟಿದೆ. ಹೇಗೂ ಇಂಟರ್‌ಲಾಕ್ ಟೈಲ್ಸ್ ಹಾಕಿಸುವುದಿದೆಯಲ್ಲ, ಕೆಲಸ ಒಟ್ಟಿಗೇ ಆಗಿಬಿಡಲಿ. ಯಾರೂ ದುಷ್ಟರಲ್ಲ. ಎಲ್ಲರೂ ಚರ್ಚು ಚೊಕ್ಕಟವಾಗಿರಲಿ ಎಂದು ಬಯಸುವವರು. ನಾನು ಕೊನೆಯ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆ. ನಡಾವಳಿ ಪುಸ್ತಕದಲ್ಲಿ ಸರ್ವಾನುಮತದಿಂದ ಎಂದು ಬರೆದರು. ಆ ಸರ್ವರಲ್ಲಿ ನಾನೂ ಒಬ್ಬಳು.

ಕ್ರೈಸ್ತರಿಗೂ ಮರಕ್ಕೂ ಇರುವ ಹಗೆಯ ಕಥೆ ಹಳೆಯದು. ಎಂಟನೆಯ ಶತಮಾನದಲ್ಲಿ, ಸುಮಾರು 723ರಲ್ಲಿ, ಬೋನಿಫೇಸ್ ಎಂಬ ಮಿಶನರಿ ಜರ್ಮನ್ ಸೀಮೆಯಲ್ಲಿ ಅಲ್ಲಿನವರು ಪೂಜಿಸುತ್ತಿದ್ದ ಡೋನಾರ್ ದೇವತೆಯ ಓಕ್ ಮರವನ್ನು ಕಡಿಸಿ, ಅದರದೇ ಹಲಗೆಯಿಂದ ಪ್ರಾರ್ಥನಾ ಮಂದಿರ ಕಟ್ಟಿಸಿದ. ಅವನನ್ನು ಸಂತನೆಂದು ಕರೆದರು. ಮರದಲ್ಲಿ ದೇವರಿಲ್ಲ ಎಂದು ಸಾಬೀತುಮಾಡುವ ಹುಮ್ಮಸ್ಸಿನಲ್ಲಿ ಮರವೇ ಹೋಯಿತು. ಇಂಥದೇ ಒಂದು ಮರ ಕೆನ್ಯಾದ ವಂಗಾರಿ ಮಾಥಾಯ್ ಬಾಲ್ಯದಲ್ಲೂ ಇತ್ತು. ಅದರ ಕೆಳಗೆ ಸೌದೆ ಆಯಬೇಡ, ಅದು ದೇವರ ಮರ ಎಂದು ತಾಯಿ ಹೇಳಿದ್ದ ಅತ್ತಿಯ ಜಾತಿಯ ಮರ. ಓದಿಗೆಂದು ಹೋಗಿ ವರ್ಷಗಳ ಮೇಲೆ ತಿರುಗಿ ಬರುವಾಗ ಅದನ್ನು ಉರುಳಿಸಿ ಟೀ ಗಿಡ ಹಾಕಿದ್ದರು. ಪಕ್ಕದ ತೊರೆಯೂ ಬತ್ತಿತ್ತು. ಬೇರು ಬಂಡೆಯನ್ನು ಸೀಳಿ ನೀರನ್ನು ಮೇಲಕ್ಕೆ ತರುತ್ತಿತ್ತು ಎಂಬುದು ಆಕೆಗೆ ಆಮೇಲೆ ಹೊಳೆಯಿತು. ಮಾಥಾಯ್ ಕ್ಯಾಥೊಲಿಕ್ ಸಿಸ್ಟರುಗಳ ಕೈಯಲ್ಲಿ ಓದಿದವರು. 1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರುಮಾಡಿ ಹೆಂಗಸರ ಕೈಯಲ್ಲಿ ಕೋಟಿಗಟ್ಟಲೆ ಸಸಿ ನೆಡಿಸಿದರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಹಳೆಯ ನಂಬಿಕೆ ಕಾಯುತ್ತಿದ್ದುದನ್ನು ಹೊಸ ನಂಬಿಕೆ ಕಾಯಲಿಲ್ಲ ಎಂಬ ಮಾತನ್ನು ಅವರು ಮುಚ್ಚಿಡಲಿಲ್ಲ.

ಇದನ್ನೇ ಸಿದ್ಧಾಂತ ಮಾಡಿದವರು ಲಿನ್ ವೈಟ್ ಎಂಬ ಇತಿಹಾಸಕಾರ. 1967ರ ಮಾರ್ಚಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅವರ ಲೇಖನ ಬಹಳ ಗದ್ದಲ ಎಬ್ಬಿಸಿತು. ಲೋಕವೆಲ್ಲ ಮನುಷ್ಯನ ಬಳಕೆಗೆಂದೇ ಇದೆ ಎಂದು ಕಲಿಸಿದ ಪಾಶ್ಚಾತ್ಯ ಕ್ರೈಸ್ತಧರ್ಮದ ತಲೆಯ ಮೇಲೆ ಪರಿಸರ ನಾಶದ ದೊಡ್ಡ ಹೊರೆಯಿದೆ ಎಂದು ವೈಟ್ ವಾದಿಸಿದರು. ಆಧಾರ ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ: ಭೂಮಿಯನ್ನು ವಶಮಾಡಿಕೊಳ್ಳಿರಿ, ಪ್ರಾಣಿಗಳ ಮೇಲೆ ದೊರೆತನ ಮಾಡಿರಿ. ವೈಟ್ ತಾವೂ ಚರ್ಚಿಗೆ ಹೋಗುವವರೇ. ಅದೇ ಲೇಖನದ ಕೊನೆಗೆ, ಪರಿಸರದವರಿಗೆ ಒಬ್ಬ ಪಾಲಕ ಸಂತ ಬೇಕಿದ್ದರೆ ಅಸ್ಸಿಸಿಯ ಫ್ರಾನ್ಸಿಸ್ ಆಗಲಿ ಎಂದರು. ಹನ್ನೆರಡು ವರ್ಷ ಕಳೆದು, 1979ರಲ್ಲಿ, ಪೋಪ್ ಎರಡನೆಯ ಜಾನ್ ಪಾಲ್ ಅದನ್ನೇ ಘೋಷಿಸಿದರು. ಬೈದವನ ಸಲಹೆಯನ್ನು ಒಪ್ಪಿಕೊಳ್ಳುವ ಇಂಥ ಪ್ರಸಂಗ ಚರ್ಚಿನ ಚರಿತ್ರೆಯಲ್ಲಿ ಹೆಚ್ಚಿಲ್ಲ.

ನನಗೆ ಆದಿಕಾಂಡದ ಎರಡನೆಯ ಅಧ್ಯಾಯದ ಮೇಲೆ ಹೆಚ್ಚು ಪ್ರೀತಿ. ಅಲ್ಲಿ ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಹೀಬ್ರೂವಿನಲ್ಲಿ ಆ ಕಾಯುವ ಪದ ಶಾಮಾರ್. ತಮ್ಮನನ್ನು ಕೊಂದ ಕಾಯಿನ ದೇವರಿಗೆ ತಿರುಗಿ ಕೇಳುತ್ತಾನಲ್ಲ, ನನ್ನ ತಮ್ಮನನ್ನು ಕಾಯುವವನು ನಾನೋ ಎಂದು, ಅಲ್ಲಿರುವುದೂ ಅದೇ ಧಾತು. ಕರ್ತನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಎಂದು ಆರಾಧನೆಯ ಕೊನೆಗೆ ಕೈ ಎತ್ತಿ ಹೇಳುವ ಆಶೀರ್ವಾದದಲ್ಲಿ ಇರುವುದೂ ಅದೇ. ಕನ್ನಡದ ಕಾಯುವುದು ಎಂಬ ಪದದಲ್ಲಂತೂ ಇನ್ನೊಂದು ಅರ್ಥವೂ ಕೂತಿದೆ. ಹೊಲ ಕಾಯುತ್ತೇವೆ, ದಾರಿಯನ್ನೂ ಕಾಯುತ್ತೇವೆ. ಬಿಟ್ಟು ಹೋಗದೆ ಇರುವುದು ಎರಡಕ್ಕೂ ಸಮಾನ. ಚರ್ಚಿನ ಕೈಯಲ್ಲಿ ಪರಿಸರಕ್ಕಾಗಿ ಏನಾದರೂ ಇದ್ದರೆ ಅದು ಈ ಬಿಟ್ಟು ಹೋಗದಿರುವ ಗುಣವೇ ಎಂದು ನನಗೆ ಅನ್ನಿಸುತ್ತದೆ. ಯೋಜನೆಯವರು ಮೂರು ವರ್ಷಕ್ಕೆ ಬರುತ್ತಾರೆ, ವರದಿ ಬರೆದು ಹೋಗುತ್ತಾರೆ. ಚರ್ಚಿನವರು ಅಲ್ಲೇ ಮದುವೆಯಾಗಿ ಅಲ್ಲೇ ಹೂಳಿಸಿಕೊಳ್ಳುತ್ತಾರೆ.

ಘೋಷಣೆಗಳಿಗೇನೂ ಕೊರತೆಯಿಲ್ಲ. 1986ರಲ್ಲಿ ಅಸ್ಸಿಸಿಯಲ್ಲಿ ಐದು ಧರ್ಮಗಳ ಮುಖಂಡರ ಸಭೆ. 1989ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಆರ್ಥಡಾಕ್ಸ್ ಮಹಾಗುರು (ಪೇಟ್ರಿಯಾರ್ಕ್) ದಿಮಿತ್ರಿಯೋಸ್ ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಗೊತ್ತುಮಾಡಿದರು. ಅವರ ನಂತರ ಬಂದ ಬಾರ್ತೊಲೊಮಾಯೋಸ್ 1997ರಲ್ಲಿ ಪ್ರಕೃತಿಯ ಮೇಲೆ ನಡೆಸುವ ಅಪರಾಧ ಪಾಪವೇ ಎಂದು ನೇರವಾಗಿ ಹೇಳಿದರು. 2015ರ ಜೂನಿನಲ್ಲಿ ಪರಿಸರದ ಕುರಿತು ಪೋಪ್ ಫ್ರಾನ್ಸಿಸರ ಪತ್ರ, ಲೌದಾತೋ ಸೀ, ಬಂತು. ಎಲ್ಲವೂ ಒಳ್ಳೆಯ ಮಾತುಗಳೇ. ಇವುಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಾಪ ಎಂಬ ಪದ. ಪಾಪ ಎಂದ ಮೇಲೆ ಅದನ್ನು ಒಪ್ಪಿಕೊಳ್ಳಬೇಕಲ್ಲ? ಯಾರ ಮುಂದೆ, ಹೇಗೆ?

ಅದನ್ನು ಮಾಡಿ ತೋರಿಸಿದವರು ಜಿಂಬಾಬ್ವೆಯ ಮಸ್ವಿಂಗೋ ಸೀಮೆಯ ಸಣ್ಣ ಸಣ್ಣ ಸ್ವತಂತ್ರ ಸಭೆಗಳು. ಬಿಳಿಯರ ಮಿಶನ್‌ಗಳಿಂದ ಬೇರೆಯಾಗಿ ಆಫ್ರಿಕನ್ನರೇ ಕಟ್ಟಿಕೊಂಡಂಥವು. ಬಣ್ಣದ ನಿಲುವಂಗಿ, ಡೋಲು, ಪ್ರವಾದಿಗಳು. ಮಿಶನರಿ ಮನೆಯಲ್ಲೇ ಹುಟ್ಟಿ ಆ ಜನರ ನಡುವೆ ಬೆಳೆದ ಇನುಸ್ ಡಾನೀಲ್ ಎಂಬ ದೇವಶಾಸ್ತ್ರಜ್ಞ 1990ರ ದಶಕದ ಮೊದಲಿಗೆ ಈ ಸಭೆಗಳನ್ನು ಒಟ್ಟುಗೂಡಿಸಿದರು. ಸ್ವಾತಂತ್ರ್ಯದ ಯುದ್ಧ ಮುಗಿದಿತ್ತು, ನೆಲ ಬೋಳಾಗಿತ್ತು. ಇನ್ನು ಮರಗಳ ಯುದ್ಧ ಎಂದರು. ಅವರು ಕಟ್ಟಿದ ವಿಧಿ ಸಸಿ ನೆಡುವ ಪ್ರಭುಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸದ ಮೇಜಿಗೆ ಬರುವವರು ಕೈಯಲ್ಲಿ ಸಸಿ ಹಿಡಿದು ಸಾಲಾಗಿ ಬರಬೇಕು. ಬರುವ ಮುಂಚೆ ಪಾಪನಿವೇದನೆ. ಯಾವ ಪಾಪ? ನೆಡದೆ ಮರ ಕಡಿದೆ. ಹೊಳೆದಂಡೆ ಉತ್ತೆ. ಗಾಲಿಯಿಲ್ಲದ ಮರದ ಜಾರುಬಂಡಿಯನ್ನು ಎತ್ತಿನಿಂದ ಎಳೆಸಿ ನೆಲ ಕೊರಕಲು ಬೀಳುವ ಹಾಗೆ ಮಾಡಿದೆ.

ಆ ಮೂರನೆಯದನ್ನು ಮತ್ತೆ ಮತ್ತೆ ಓದಿದ್ದೇನೆ. ಜಾರುಬಂಡಿ! ಪಾಪದ ಪಟ್ಟಿಗಳೆಲ್ಲ ಹೆಮ್ಮೆ, ಮತ್ಸರ, ಕಾಮ ಎಂದು ಆಕಾಶದಲ್ಲೇ ತೇಲುತ್ತವೆ. ಇಲ್ಲಿ ಪಾಪಕ್ಕೆ ಒಂದು ಜಾಡಿದೆ. ಬಂಡಿ ಎಳೆದ ಜಾಡು, ಅದರಲ್ಲಿ ಹರಿದ ಮಳೆನೀರು, ಮರುವರ್ಷ ಮೊಣಕಾಲುದ್ದದ ಕೊರಕಲು. ಯಾರ ಬಂಡಿ ಎಂದು ಊರಿಗೆಲ್ಲ ಗೊತ್ತು. ಮುಚ್ಚಿಟ್ಟುಕೊಂಡು ಮೇಜಿನ ಹತ್ತಿರ ಬರಲಾಗದು. ಹಳೆಯ ಮತದ ಮುಖಂಡರೂ, ಮೈಮೇಲೆ ಪೂರ್ವಜರು ಬರುವ ಮಾಧ್ಯಮಿಗಳೂ ತಮ್ಮದೇ ಸಂಘ ಕಟ್ಟಿಕೊಂಡು ಪಕ್ಕದಲ್ಲೇ ಸಸಿ ನೆಟ್ಟರು. ಎರಡು ಕಡೆಯವರೂ ಒಬ್ಬರನ್ನೊಬ್ಬರು ಪೂರ್ತಿ ಒಪ್ಪಿರಲಿಲ್ಲ, ಗುಂಡಿ ಮಾತ್ರ ಒಂದೇ ನೆಲದಲ್ಲಿ ತೋಡಿದರು. ಲಕ್ಷಗಟ್ಟಲೆ ಸಸಿ ನೆಟ್ಟರು. ಆಮೇಲೆ ಹೊರಗಿನ ಹಣ ನಿಂತಿತು, ದೇಶದ ಸ್ಥಿತಿಯೂ ಕೆಟ್ಟಿತು, ಚಳವಳಿ ಸೊರಗಿತು. ಇದನ್ನೂ ಹೇಳದೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ.

ಕೆಲವೆಡೆ ಕಾಯುವುದಕ್ಕೆ ಕೊಟ್ಟ ಬೆಲೆಯೇ ಬೇರೆ. ಫಿಲಿಪ್ಪೀನ್ಸಿನ ಬುಕಿದ್ನೊನ್ ಪ್ರಾಂತ್ಯದಲ್ಲಿ 1987ರಲ್ಲಿ ಊರಿನ ಜನ ದಿಮ್ಮಿ ಸಾಗಿಸುವ ಲಾರಿಗಳಿಗೆ ಅಡ್ಡ ಕೂತರು. ಮರುವರ್ಷ ಆ ದೇಶದ ಬಿಷಪ್ಪರು ನಮ್ಮ ಸುಂದರ ನಾಡಿಗೆ ಏನಾಗುತ್ತಿದೆ ಎಂದು ಕೇಳುವ ಪತ್ರ ಹೊರಡಿಸಿದರು. ಅದೇ ಪ್ರಾಂತ್ಯದ ತರುಣ ಪಾದ್ರಿ ನೆರಿಲಿತೋ ಸತುರ್ ಸರ್ಕಾರದಿಂದ ಅರಣ್ಯ ಕಾವಲಿನ ಅಧಿಕಾರ ಪಡೆದು ಕಳ್ಳ ದಿಮ್ಮಿಗಳನ್ನು ಹಿಡಿಯುತ್ತಿದ್ದರು. 1991ರ ಅಕ್ಟೋಬರ್ 14ರಂದು ಅವರನ್ನು ದಾರಿಯಲ್ಲಿ ಕಾದು ಕೊಂದರು. ಬ್ರೆಜಿಲ್ಲಿನ ಅನಾಪುವಿನಲ್ಲಿ ಕಾಡು ಕಡಿಯದೆ ಬದುಕಲು ಸಣ್ಣ ರೈತರಿಗೆ ಜಮೀನು ಕೊಡಿಸುತ್ತಿದ್ದ ಸಿಸ್ಟರ್ ಡೊರೊಥಿ ಸ್ಟಾಂಗ್ ಅವರನ್ನು 2005ರ ಫೆಬ್ರವರಿ 12ರಂದು ಕಾಡುದಾರಿಯಲ್ಲಿ ಗುಂಡಿಕ್ಕಿ ಕೊಂದರು. ಆಗ ಅವರಿಗೆ 73 ವರ್ಷ. ಆಯುಧವಿದೆಯೇ ಎಂದು ಕೇಳಿದ್ದಕ್ಕೆ ಚೀಲದಿಂದ ಬೈಬಲ್ ತೆಗೆದು ತೋರಿಸಿದರಂತೆ. ಇವರ ಬಗ್ಗೆ ಬರೆಯುವಾಗ ನನ್ನ ಟೀ ಲೋಟ ನೆನಪಾಗುತ್ತದೆ.

ಎಲ್ಲರೂ ಗುಂಡಿಗೆ ಎದೆ ಕೊಡಬೇಕಿಲ್ಲ ಬಿಡಿ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಸಮಸ್ಯೆ ಬಾವಲಿಗಳದು. ಕಾಡು ಹೋಗಿ, ಹಳೆಯ ಕಣಜಗಳು ಹೋಗಿ, ಪುಟ್ಟ ಕೀಟಾಹಾರಿ ಬಾವಲಿಗಳು ಚರ್ಚಿನ ತೊಲೆಗಳಿಗೆ ಬಂದು ಜೋತುಬಿದ್ದಿವೆ. ಕಾನೂನಿನ ಪ್ರಕಾರ ಅವನ್ನು ಓಡಿಸುವ ಹಾಗಿಲ್ಲ. ಇವೋ, ವೇದಿಕೆಯ ಬಿಳಿ ಬಟ್ಟೆ, ಹಿತ್ತಾಳೆಯ ಫಲಕ, ಹಾಡಿನ ಪುಸ್ತಕ ಒಂದನ್ನೂ ಬಿಡದೆ ಉಚ್ಚೆ ಹೊಯ್ಯುತ್ತವೆ. ಭಾನುವಾರ ಬೆಳಿಗ್ಗೆ ವಯಸ್ಸಾದ ನಾಲ್ಕು ಜನ ಬಂದು ಪ್ಲಾಸ್ಟಿಕ್ ಹಾಳೆ ಮಡಚಿ, ಹಿಕ್ಕೆ ಗುಡಿಸಿ, ಬೆಂಚು ಒರೆಸಿ, ಆಮೇಲೆ ಸೃಷ್ಟಿಕರ್ತನನ್ನು ಕೊಂಡಾಡಬೇಕು. ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಬಾವಲಿ ತಜ್ಞರೂ ಕಟ್ಟಡ ತಜ್ಞರೂ ಕೂಡಿ ಕೆಲವು ವರ್ಷ ಇದರ ಮೇಲೆ ಕೆಲಸ ಮಾಡಿದರು. ಕೆಲವು ಚರ್ಚುಗಳಲ್ಲಿ ಸೂರಿನಡಿ ಬಾವಲಿಗಳಿಗೇ ಮುಚ್ಚಿದ ಕೋಣೆ ಮಾಡಿಕೊಟ್ಟು, ಜನ ಕೂರುವ ಜಾಗದಿಂದ ಬೇರೆಮಾಡಿದ್ದಾರೆ. ಬಾಡಿಗೆದಾರನನ್ನು ಬಿಡಿಸಲಾಗದಿದ್ದರೆ ಮಹಡಿಗೆ ಕಳಿಸುವುದು.

ಅದೇ ಚರ್ಚುಗಳ ಸಮಾಧಿಕಲ್ಲುಗಳ ಮೇಲೆ ಇನ್ನೊಂದು ಲೋಕವಿದೆ. ಬೂದಿ, ಹಳದಿ, ಕಿತ್ತಳೆ ಬಣ್ಣದ ಕಲ್ಲುಹೂವು. ಬ್ರಿಟನ್ನಿನ ಸುಮಾರು ಎರಡು ಸಾವಿರ ಬಗೆಯ ಕಲ್ಲುಹೂವುಗಳಲ್ಲಿ ಸುಮಾರು 700 ಬಗೆ ಚರ್ಚಿನ ಅಂಗಳಗಳಲ್ಲಿ ಸಿಕ್ಕಿವೆ. ವರ್ಷಕ್ಕೆ ಒಂದು ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಬೆಳೆಯುವ ಜೀವಕ್ಕೆ ಶತಮಾನಗಟ್ಟಲೆ ಅಲುಗದ ಕಲ್ಲು ಬೇಕು. ಕಲ್ಲಿನ ಮೇಲೆ ಸತ್ತವರ ಇಸವಿ ಕೆತ್ತಿರುವುದರಿಂದ ಕಲ್ಲುಹೂವಿನ ವಯಸ್ಸು ಲೆಕ್ಕಹಾಕುವುದೂ ವಿಜ್ಞಾನಿಗಳಿಗೆ ಸುಲಭ. ಸ್ವಚ್ಛತೆಯ ಹುಚ್ಚಿನಲ್ಲಿ ಯಾರಾದರೂ ಕಲ್ಲು ಉಜ್ಜಿದರೆ ಇನ್ನೂರು ವರ್ಷ ಒಂದು ಮಧ್ಯಾಹ್ನಕ್ಕೆ ಹೋಯಿತು.

ಆಸ್ತಿಯ ಪ್ರಶ್ನೆ ಇದಕ್ಕಿಂತ ಕಹಿ. ಸ್ವೀಡನ್ನಿನ ಲೂಥರನ್ ಸಭೆಗೆ ಸುಮಾರು ನಾಲ್ಕು ಲಕ್ಷ ಹೆಕ್ಟೇರ್ ಕಾಡಿದೆ. ದಿಮ್ಮಿ ಮಾರಿ ಬಂದ ದುಡ್ಡಿನಲ್ಲಿ ಚರ್ಚುಗಳು ನಡೆಯಬೇಕು. ಕಾಡನ್ನು ಬೋಳುಮಾಡುವ ಕಡಿತ ನಿಲ್ಲಿಸಿ ಎಂದು ಸಭೆಯ ಒಳಗಿನವರೇ ವಾದಕ್ಕೆ ನಿಂತಿದ್ದಾರೆ. ಪೀಠದಿಂದ ಸೃಷ್ಟಿಯ ಪ್ರಸಂಗ ಮಾಡುವ ಸಭೆಯೇ ಗರಗಸದ ಮಾಲೀಕನೂ ಆದಾಗ ಪ್ರಸಂಗ ಯಾರಿಗೆ ಎಂಬುದು ಗೊಂದಲವೇ.

ದುಡ್ಡಿನ ಗಂಟನ್ನು ಜಾಣತನದಿಂದ ಬಿಡಿಸಿದ್ದು ಕೆನ್ಯಾದ ಕರಾವಳಿಯಲ್ಲಿ ಕಂಡಿದ್ದೇನೆ, ಓದಿನಲ್ಲಿ. ಅ ರೋಶಾ ಎಂಬ ಕ್ರೈಸ್ತ ಸಂಸ್ಥೆ 1983ರಲ್ಲಿ ಪೋರ್ಚುಗಲ್ಲಿನ ಅಳಿವೆಯೊಂದರ ಬಳಿ ಹಕ್ಕಿ ವೀಕ್ಷಣೆಯಿಂದ ಶುರುವಾದದ್ದು. ಅದರ ಕೆನ್ಯಾ ಶಾಖೆ ಅರಬುಕೊ-ಸೊಕೊಕೆ ಎಂಬ 420 ಚದರ ಕಿಲೋಮೀಟರಿನ ಒಣಕಾಡಿನ ಅಂಚಿನಲ್ಲಿದೆ. ಅಲ್ಲಿ ಅಂಗೈ ಮೇಲೆ ಕೂರುವಷ್ಟು ಪುಟ್ಟ ಗೂಬೆಯೊಂದಿದೆ, ಸೊಕೊಕೆ ಗೂಬೆ. ಸುತ್ತಲಿನವರು ಮರ ಯಾಕೆ ಕಡಿಯುತ್ತಾರೆ ಎಂದು ನೋಡಿದರೆ ಮಕ್ಕಳ ಹೈಸ್ಕೂಲು ಫೀಸಿಗೂ ದಾರಿ ಅದೇ ಆಗಿತ್ತು. ಹಾಗಾಗಿ ಪಕ್ಕದಲ್ಲಿ ಕಡಲು ಒಳಚಾಚಿದ ಮಿಡಾ ಖಾರಿಯ ಕಾಂಡ್ಲಾ (ಉಪ್ಪುನೀರಿನ ಮರಗಳ) ಕಾಡಿನಲ್ಲಿ ಹಲಗೆಯ ಕಾಲುದಾರಿ ಹಾಕಿ, ಪ್ರವಾಸಿಗಳಿಂದ ಬಂದ ಹಣವನ್ನು ಫೀಸಿಗೆ ಕೊಡತೊಡಗಿದರು. ಫೀಸು ಪಡೆದ ಮನೆಯವರು ಕಾಡಿಗೆ ಕೊಡಲಿ ಒಯ್ಯಬಾರದು ಎಂಬ ಮಾತು. ಗೂಬೆಯ ಮೇಲೆ ಪ್ರಸಂಗ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಇಥಿಯೋಪಿಯಾದ ಕಾಡುಗಳೂ ಕ್ಷೇಮವಾಗಿವೆ ಎಂದಲ್ಲ. ಹುಲ್ಲಿನ ಸೂರು ಹೋಗಿ ತಗಡು ಬಂದಿದೆ, ಸಣ್ಣ ಚರ್ಚು ಕೆಡವಿ ದೊಡ್ಡದು ಕಟ್ಟುತ್ತಿದ್ದಾರೆ, ಬೇಗ ಬೆಳೆದು ದುಡ್ಡು ತರುವ ನೀಲಗಿರಿ ಕೆಲವು ಗೋಡೆಗಳ ಒಳಕ್ಕೂ ನುಗ್ಗಿದೆ. ದನವನ್ನು ಗೋಡೆ ತಡೆಯುತ್ತದೆ. ಗೋಡೆ ಕಟ್ಟಿಸಿದವರೇ ಒಳಗೆ ನೀಲಗಿರಿ ನೆಟ್ಟರೆ ತಡೆಯಲು ಗೋಡೆಗೆ ಬರುವುದಿಲ್ಲ.

ಮೊನ್ನೆ ಮತ್ತೆ ನಿದ್ದೆ ಬರಲಿಲ್ಲ. ಗೂಗಲ್ ಅರ್ತ್‌ನಲ್ಲಿ ಹಳೆಯ ಇಸವಿಗಳ ಚಿತ್ರ ನೋಡುವ ಅನುಕೂಲವೂ ಇದೆ. ನಮ್ಮ ಚರ್ಚನ್ನು ಹುಡುಕಿ ತೆಗೆದೆ. ಸೂರು, ಅದರ ಪಕ್ಕ ಟೈಲ್ಸಿನ ಬೂದು ಚೌಕ, ಅದರಲ್ಲಿ ಮೂರು ಕಾರು. ಒಂದೊಂದೇ ವರ್ಷ ಹಿಂದಕ್ಕೆ ಸರಿಸಿದೆ. ಒಂದು ಚಿತ್ರದಲ್ಲಿ ಚೌಕದ ಮೂಲೆಯಲ್ಲಿ ಹಸಿರು ಕಾಣಿಸಿಕೊಂಡಿತು, ಉಗುರಿನಷ್ಟು, ಪಕ್ಕಕ್ಕೆ ಚಾಚಿದ ನೆರಳಿನ ಸಮೇತ. ಮುಂದಕ್ಕೆ ಸರಿಸಿದೆ, ಹೋಯಿತು. ಹಿಂದಕ್ಕೆ ತಂದೆ, ಬಂತು. ಎಷ್ಟು ಸಲ ಹಾಗೆ ಮಾಡಿದೆನೋ.

ಸೂರಿನ ಹಿಂಭಾಗದಲ್ಲಿ ಇನ್ನೊಂದು ಸಣ್ಣ ಹಸಿರಿದೆ, ಈಗಲೂ ಇದೆ. ಹಿಂದಿನ ಅಂಗಳಕ್ಕೂ ಟೈಲ್ಸ್ ಹಾಕುವ ವಿಷಯ ಮುಂದಿನ ಮೀಟಿಂಗಿಗೆ ಬರುತ್ತದಂತೆ.